ಯಂತ್ರ ಮೊದಲು ಕೇಳುವ ಪ್ರಶ್ನೆ

ಕರೆಂಟು ಹೋಗಬಹುದಿತ್ತು, ಆ ಕಾಲದಲ್ಲಿ ಹೊಸೂರಿನ ಕರೆಂಟಿಗೆ ಹೋಗಲು ಕಾರಣವೇನೂ ಬೇಕಿರಲಿಲ್ಲ. ಕರೆಂಟು ಇದ್ದರೂ ಏಸಿ ಕೆಟ್ಟು, ಯಂತ್ರ ಕಾದು ನಿಂತುಬಿಡಬಹುದಿತ್ತು. ಪೂಜೆಗೆ ಒಡೆದ ತೆಂಗಿನಕಾಯಿಯ ನೀರು ಕೀಬೋರ್ಡಿನ ಸಂದಿಗಳಲ್ಲಿ ಇಳಿಯಬಹುದಿತ್ತು. ನೆಲದಡಿಯ ಕೇಬಲ್ಲನ್ನು ಇಲಿ ಆಗಲೇ ಕಡಿದು ಮುಗಿಸಿರಬಹುದಿತ್ತು. ಮದ್ರಾಸಿನಿಂದ ಬರಬೇಕಾದ ದೊಡ್ಡ ಅಧಿಕಾರಿ ಬಾರದೆ ಇರಬಹುದಿತ್ತು, ಅದಕ್ಕಿಂತ ಕೆಟ್ಟದ್ದೆಂದರೆ, ಹೇಳಿದ ಹೊತ್ತಿಗೇ ಬಂದುಬಿಡಬಹುದಿತ್ತು. ಸಾನಮಾವಿನ ಕಾಡಿನಿಂದ ಆನೆಗಳು ರಸ್ತೆಗಿಳಿದು ಉದ್ದನಪಲ್ಲಿ ಕಡೆಯ ಬಸ್ಸು ಅಲ್ಲೇ ನಿಲ್ಲಬಹುದಿತ್ತು; ಆ ಬಸ್ಸಿನಲ್ಲಿದ್ದ ತಾಯಿ ಮಗ ಇಬ್ಬರೂ ಹಾಗೇ ಮನೆಗೆ ತಿರುಗಬಹುದಿತ್ತು. ಬಂದು ಸೇರಿದರೂ ಅಷ್ಟರಲ್ಲಿ ರಾಹುಕಾಲ ಶುರುವಾಗಿರಬಹುದಿತ್ತು. ಇವೆಲ್ಲ ತಪ್ಪಿದರೂ ಇನ್ನೊಂದು ಉಳಿದಿತ್ತು, ಅದು ಹಿಂದಿನ ಮಧ್ಯಾಹ್ನದಿಂದ ನನ್ನ ನಿದ್ದೆ ಕೆಡಿಸಿತ್ತು: ಕೆಲಸಕ್ಕೆ ಸೇರಲು ಬಂದವನನ್ನು ನಮ್ಮ ಯಂತ್ರ ಎಲ್ಲಕ್ಕಿಂತ ಮೊದಲು, ಹೆಸರು ಕೂಡ ಕೇಳದೆ, "ನೀನು ಸತ್ತರೆ ಹಣ ಯಾರಿಗೆ" ಎಂದು ಕೇಳಬಹುದಿತ್ತು.

ಚಿಂತೆ ನನಗೆ ಹುಟ್ಟುಗುಣ. ಚಿಂತೆ ಮಾಡಲು ಏನೂ ಸಿಗದ ದಿನ ಅದೇ ನನಗೊಂದು ಚಿಂತೆಯಾಗುತ್ತದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಈಗ ಇಳಿವಯಸ್ಸಿನಲ್ಲಿ ಅದಕ್ಕೆ ರಕ್ತದೊತ್ತಡ ಎಂಬ ಗೌರವದ ಹೆಸರು ಬಂದಿದೆ. ಆಗ ಮೂವತ್ತು ದಾಟಿರಲಿಲ್ಲ, ಬರೀ ಪುಕ್ಕಲತನ ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ಮೈಸೂರು ಕಡೆಯಿಂದ ಹೊಸೂರಿಗೆ ಬಂದು, ಒಂದು ಎರಕದ ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಕೆಲಸಕ್ಕೆ ಸೇರಿದ್ದೆ. ಸೆಕ್ಷನ್ನು ಎಂದರೆ ಗಾಜಿನ ಗೋಡೆಯ ಒಂದು ಕೋಣೆ. ಒಳಗೆ ಬೀರುವಿನಷ್ಟು ದೊಡ್ಡ ಯಂತ್ರ, ಅದಕ್ಕೊಂದು ಸ್ಕ್ರೀನು, ನಾವು ಮೂವರು. ನಮ್ಮ ಮ್ಯಾನೇಜರು ಮದ್ರಾಸಿನವರು, ಸಮಾಧಾನದ ಮನುಷ್ಯ. ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ತಮಿಳು. ಟೈಪು ಮಾಡುವ ಹೆಣ್ಣುಮಗಳು ಕೃಷ್ಣಗಿರಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಕಲಿತವಳು, ನನ್ನ ಜೊತೆ ಕನ್ನಡದಲ್ಲೇ ಜಗಳವಾಡುತ್ತಿದ್ದಳು. ಮೂರನೆಯವನು ನಾನು. ಧೂಳು ಯಂತ್ರಕ್ಕೆ ಆಗದೆಂದು ಬಾಗಿಲಲ್ಲೇ ಚಪ್ಪಲಿ ಬಿಡಬೇಕಿತ್ತು. ಜನರಲ್ ಮ್ಯಾನೇಜರೂ ಬರಿಗಾಲಲ್ಲಿ ಒಳಗೆ ಬರುತ್ತಿದ್ದರು.

ಆ ವರ್ಷ ಒಂದು ಹೊಸ ಸೌಕರ್ಯ ಬಂತು. ಅಲ್ಲಿಯವರೆಗೆ ಸ್ಕ್ರೀನಿನ ಮೇಲೆ ಯಾವ ಪ್ರಶ್ನೆ ಎಲ್ಲಿ ಬರಬೇಕೆಂಬುದನ್ನು ಸಾಲು ಸಾಲಾಗಿ ನಾವೇ ಬರೆಯಬೇಕಿತ್ತು. ಈಗ ಹಾಗಲ್ಲ. ಒಬ್ಬ ಕೆಲಸಗಾರನ ಬಗ್ಗೆ ಏನೇನು ವಿವರ ಇಟ್ಟುಕೊಳ್ಳಬೇಕು ಎಂಬುದನ್ನು ಒಮ್ಮೆ ಯಂತ್ರಕ್ಕೆ ತಿಳಿಸಿದರೆ ಸಾಕು, ಕೇಳುವ ಸ್ಕ್ರೀನನ್ನು ಅದೇ ಹುಟ್ಟಿಸಿಕೊಳ್ಳುತ್ತಿತ್ತು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಕೊಡದೆ ಮುಂದಕ್ಕೆ ಬಿಡದು, ಹಿಂದಕ್ಕೂ ಬಿಡದು. ಯಾವುದು ಮೊದಲು ಯಾವುದು ಆಮೇಲೆ ಎಂಬುದಕ್ಕೆ ಪ್ರತಿ ವಿವರದ ಪಕ್ಕ ಒಂದು ಸಂಖ್ಯೆ ಕೊಡಬೇಕು. ಹೆಸರು ಹತ್ತು, ತಂದೆಯ ಹೆಸರು ಇಪ್ಪತ್ತು, ಊರು ಮೂವತ್ತು, ಹೀಗೆ ಬಿಟ್ಟು ಬಿಟ್ಟು ಕೊಡುತ್ತಿದ್ದೆವು, ನಾಳೆ ನಡುವೆ ಇನ್ನೊಂದನ್ನು ತೂರಿಸಬೇಕಾದರೆ ಜಾಗವಿರಲಿ ಎಂದು. ಮುಂದೆ ಸೊಸೆ ಬರುತ್ತಾಳೆಂದು ಮನೆ ಕಟ್ಟುವಾಗಲೇ ಒಂದು ಕೋಣೆ ಬಿಡುವ ಹಾಗೆ.

ಎಲ್ಲ ಮುಗಿಯಿತು ಎನ್ನುವಾಗ ಹೆಡ್ಡಾಫೀಸಿನಿಂದ ಇನ್ನೊಂದು ವಿವರ ಬಂತು. ಕೆಲಸಗಾರ ಸತ್ತರೆ ಹಣ ಯಾರಿಗೆ ಸೇರಬೇಕು ಎಂಬುದನ್ನೂ ಕೇಳಿ ಎಂದು. ಮ್ಯಾನೇಜರು ಅದನ್ನು ತುದಿಯಲ್ಲಿ ಸೇರಿಸಿದರು, ಪಕ್ಕದ ಸಂಖ್ಯೆಯನ್ನು ಖಾಲಿ ಬಿಟ್ಟರು. ಕೊನೆಯಲ್ಲಿ ಬರೆದದ್ದು ಕೊನೆಯಲ್ಲೇ ತಾನೇ ಬರುವುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಯಂತ್ರಕ್ಕೆ ಹಾಗೆ ಅನ್ನಿಸಲಿಲ್ಲ. ಅದರ ಲೆಕ್ಕದಲ್ಲಿ ಏನೂ ಇಲ್ಲದ್ದು ಎಲ್ಲಕ್ಕಿಂತ ಚಿಕ್ಕದು, ಚಿಕ್ಕದು ಮೊದಲು.

ಗುರುವಾರ ಮಧ್ಯಾಹ್ನ ಸ್ಕ್ರೀನು ಹುಟ್ಟಿಸಿ ನೋಡಿದಾಗ ಕತ್ತಲೆಯ ಮೇಲೆ ಹಸಿರು ಅಕ್ಷರದಲ್ಲಿ ಆ ಒಂದೇ ಪ್ರಶ್ನೆ ಮಿನುಗುತ್ತಿತ್ತು.

"ಇದೇನ್ ಸಾರ್ ಇದು," ಎಂದಳು ಕೃಷ್ಣಗಿರಿಯವಳು. "ಬಂದೋರ್ನ ಕೂರಿಸ್ಕೊಂಡು ಯಮಧರ್ಮರಾಯ ಇಂಟರ್ವ್ಯೂ ಮಾಡ್ದಂಗಿದೆ."

ಅವಳು ನಕ್ಕಳು, ಮ್ಯಾನೇಜರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಮರುದಿನದ ಉದ್ಘಾಟನೆಯಲ್ಲಿ ಆ ಕುರ್ಚಿಯಲ್ಲಿ ಮೊದಲು ಕೂರುವವನು ಯಾರೆಂದು ನನಗೆ ಗೊತ್ತಿತ್ತು.

ಉದ್ದನಪಲ್ಲಿಯ ಆಚೆ ಕಾಡಂಚಿನ ಹಳ್ಳಿಯವನು ಅವನು. ಎರಕದ ಶೆಡ್ಡಿನಲ್ಲಿ ಟೆಂಪರರಿ. ಕ್ಯಾಂಟೀನಿನಲ್ಲಿ ನನ್ನ ಎದುರಿಗೆ ಕೂತು ಉಣ್ಣುತ್ತಿದ್ದ. ಹಗಲು ಶಿಫ್ಟು ಮುಗಿಸಿ ಊರಿಗೆ ಹೋಗಿ, ರಾಗಿ ಹೊಲದ ಅಟ್ಟಣೆ ಹತ್ತಿ ಆನೆ ಕಾಯುತ್ತಿದ್ದ. ಅದೇ ಹೊಲದಲ್ಲಿ ಅವನ ತಂದೆಯನ್ನು ಆನೆ ತುಳಿದಿತ್ತು. ಅವನ ಟೆಂಪರರಿ ಅವಧಿ ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ಯಂತ್ರದಲ್ಲಿ ವಿವರ ತುಂಬಿಸಿದರೆ ಪರ್ಮನೆಂಟು, ಕಾರ್ಖಾನೆಯ ಹತ್ತಿರವೇ ಕ್ವಾರ್ಟರ್ಸು, ತಾಯಿಯೂ ಬರಬಹುದು, ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಡಬಹುದು. ತುಂಬಿಸದಿದ್ದರೆ ಮತ್ತೆ ಅಟ್ಟಣೆ.

"ನಾಳೆ ನಮ್ಮವ್ವಾನೂ ಬತ್ತಾಳೆ ಸಾರ್," ಎಂದು ಬುಧವಾರವೇ ಹೇಳಿದ್ದ. ನಾಳೆ ಅಲ್ಲ, ನಾಡಿದ್ದು ಎಂದು ನಾನು ತಿದ್ದಿದೆ. ಅವನು ಮನೆಯಿಂದ ತಂದ ರಾಗಿ ಮುದ್ದೆ ಮುರಿಯುತ್ತಲೇ ಹೇಳಿದ: "ಅದೇ ಭಯ ನಂಗೆ. ಇದ್ಕೆ ಮುಂಚೆ ಡೆಂಕಣಿಕೋಟೇಲಿ ಒಂದು ಅಂಗಡಿ ಕೆಲ್ಸ ಸಿಕ್ಕಿತ್ತು. ಅವ್ವ ಜೊತೇಲಿ ಬಂದ್ಲು. ಆ ಸಾವ್ಕಾರ, 'ಹಿಂದೆ ಇದ್ದೋನು ಸತ್ತೋದ, ಅವನ ಜಾಗಕ್ಕೆ ನೀನು' ಅಂದ. ಅಷ್ಟೇ. ನನ್ನ ಕೈ ಹಿಡ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗ್ಬುಟ್ಲು."

"ಬಿಡಿಸ್ಕೊಳ್ಳೋಕಾಗಲಿಲ್ವಾ ಮಾರಾಯ? ಎಷ್ಟು ಭಾರದ ಕಬ್ಬಿಣ ಎತ್ತುತ್ತೀಯ."

"ಕಬ್ಬಿಣ ಬೇರೆ ಸಾರ್. ಅಪ್ಪ ಹೋದ್ಮೇಲೆ ಅವ್ವನ ಕೈ ಹಿಂಗೇ. ಹಿಡಿದ್ರೆ ಬುಡಲ್ಲ."

ಇದನ್ನು ನಾನು ಮ್ಯಾನೇಜರಿಗೂ ಹೇಳಿದೆ. "ಬಯಪ್ಪಡಾದೀಂಗ," ಎಂದರು, ಹೆದರಬೇಡಿ ಎಂದು. ಒಂದು ನಂಬರ್ ಹಾಕಿದರೆ ವಿಷಯ ಮುಗಿಯಿತು ಎಂದೂ ತಮಿಳಿನಲ್ಲೇ ಸೇರಿಸಿದರು.

ಹಾಕಿದೆ. ಎಲ್ಲಕ್ಕಿಂತ ಕೊನೆಗೆ ಹೋಗಲಿ ಎಂದು ಉದಾರವಾಗಿ ನೂರು ಎಂದು ಹಾಕಿದೆ. ಸ್ಕ್ರೀನನ್ನು ಮತ್ತೆ ಹುಟ್ಟಿಸಿ ನೋಡೋಣ ಎಂದು ಕೈ ಇಟ್ಟೆ, ಕರೆಂಟು ಹೋಯಿತು. ಏಸಿಯ ಸದ್ದು ನಿಂತ ಮೇಲೆ ಆ ಕೋಣೆ ಬಾವಿಯ ಹಾಗಿರುತ್ತಿತ್ತು. ಗಾಜಿನಾಚೆ ಶೆಡ್ಡಿನ ಕುಲುಮೆಯ ಕೆಂಪು ಮಾತ್ರ ಕಾಣುತ್ತಿತ್ತು. ಸಂಜೆ ಬಸ್ಸು ಹೊರಡುವವರೆಗೂ ಕರೆಂಟು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ಕರೆಂಟು ಇತ್ತು. ಏಸಿ ತಣ್ಣಗೆ ಊದುತ್ತಿತ್ತು. ಮದ್ರಾಸಿನ ಅಧಿಕಾರಿ ಬಂದು ಬರಿಗಾಲಲ್ಲಿ ನಿಂತಿದ್ದರು. ಯಂತ್ರಕ್ಕೆ ಕುಂಕುಮ, ಸ್ಕ್ರೀನಿಗೆ ಮಲ್ಲಿಗೆಯ ತುಂಡುಹಾರ, ನಾಲ್ಕು ಮೂಲೆಗೂ ನಿಂಬೆಹಣ್ಣು. ಕಾಯಿಯನ್ನು ನಾನೇ ಜಗಳವಾಡಿ ಬಾಗಿಲಾಚೆ ಒಡೆಸಿದೆ. ಇಷ್ಟು ಸುಗಮವಾಗಿ ನಡೆಯುವುದನ್ನು ಕಂಡರೆ ನನಗೆ ಹೆದರಿಕೆ ಹೆಚ್ಚುತ್ತದೆ. ಅಪಾಯ ಎಲ್ಲೋ ಅಡಗಿ ಕೂತಿದೆ, ನನಗೆ ಕಾಣುತ್ತಿಲ್ಲ ಎಂದೇ ಅದರ ಅರ್ಥ.

ತಾಯಿ ಮಗ ಬಂದರು. ಸಣ್ಣ ಆಕೆ, ಅವನ ಎದೆಯ ಮಟ್ಟಕ್ಕೂ ಇಲ್ಲ. ಬಲಗೈಯಲ್ಲಿ ಮಗನ ಮಣಿಕಟ್ಟು ಹಿಡಿದಿದ್ದಳು. ಬಾಗಿಲ ಬಳಿ ಸಾಲಾಗಿ ಬಿಟ್ಟಿದ್ದ ಬೂಟು ಚಪ್ಪಲಿ ನೋಡಿದಳು, ಗಾಜಿನೊಳಗಿನ ಹೂವು ಕುಂಕುಮ ನೋಡಿದಳು.

"ಇದ್ಯಾವ ದೇವ್ರಪ್ಪಾ?"

"ದೇವ್ರಲ್ಲಮ್ಮ, ಮಿಷನ್ನು," ಎಂದ ವಾಚ್‌ಮನ್. "ಧೂಳಾಗಲ್ಲ ಅದಕ್ಕೆ, ಅದಕ್ಕೇ ಚಪ್ಪಲಿ ಬಿಡ್ಸೋದು."

"ಮೆಟ್ಟು ಬುಡ್ಸವ್ರೆ, ಕಾಯಿ ಒಡ್ದವ್ರೆ, ನಿಂಬೆಹಣ್ಣು ಇಕ್ಕವ್ರೆ. ದೇವ್ರಲ್ಲ ಅಂತಾನೆ ನೋಡ್ಲಾ," ಎಂದು ಮಗನಿಗೆ ಹೇಳಿ ಯಂತ್ರಕ್ಕೆ ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪಾ, ಇದು ಮಾತಾಡ್ತದಾ?"

ಮಾತಾಡುವುದಿಲ್ಲ, ಪ್ರಶ್ನೆ ಕೇಳುತ್ತದೆ, ಆ ಹುಡುಗಿ ಓದಿ ಹೇಳುತ್ತಾಳೆ ಎಂದೆ.

ಆಕೆ ತಲೆಯಾಡಿಸಿದಳು. ಅದು ಅವಳಿಗೆ ಹೊಸದೇನಲ್ಲ. ಅವರ ಊರಿನಲ್ಲೂ ಮೈಮೇಲೆ ಬಂದ ದೇವರು ಕೇಳುತ್ತಿತ್ತು, ಪೂಜಾರಿ ಅದನ್ನು ಬಿಡಿಸಿ ಹೇಳುತ್ತಿದ್ದ. "ಅವರಪ್ಪನ್ನ ಕೂರ್ಸಿದ್ದಾಗ ದೇವ್ರು ಮೊದ್ಲು ಕೇಳಿದ್ದೇ ಹೊಲ ಎಲ್ಲೈತೆ ಅಂತ," ಎಂದಳು, ಬಹಳ ಮೆಲ್ಲಗೆ. "ಹೊಲ್ದಾಗೇ ಹೋದ. ಮೊದ್ಲು ಏನು ಕೇಳ್ತದೆ ಅಂತ ನಾನು ನೋಡ್ಬೇಕು. ಅದಕ್ಕೇ ಬಂದಿವ್ನಿ."

ಬೆಳಿಗ್ಗೆ ಮ್ಯಾನೇಜರು ಹುಟ್ಟಿಸಿಟ್ಟ ಸ್ಕ್ರೀನನ್ನು ಪೂಜೆ ಮುಗಿಯುವವರೆಗೆ ಮುಟ್ಟಲು ಬಿಟ್ಟಿರಲಿಲ್ಲ; ಈಗ ಒಳಗೆ ಹೋಗಿ ಹಾಕಿ ನೋಡಿದೆ. ಮೊದಲನೆಯದು ಹೆಸರು. ನನಗೆ ಉಸಿರು ಬಂತು. ಏನೋ ಒಂದು ಹೆಸರು ಕೊಟ್ಟು ಒತ್ತಿದೆ. ಎರಡನೆಯದು: ಸತ್ತರೆ ಯಾರಿಗೆ.

ಆ ಯಂತ್ರ ಸಂಖ್ಯೆಯನ್ನು ಸಂಖ್ಯೆಯೆಂದು ನೋಡುತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗ. ನಿಘಂಟಿನಲ್ಲಿ ಪದ ಜೋಡಿಸುವಂತೆ ಎಡದಿಂದ ಒಂದೊಂದೇ ಅಂಕಿ ನೋಡಿ ಸಾಲು ಹಚ್ಚುತ್ತಿತ್ತು. ಹತ್ತರ ಮೊದಲಿಗೆ ಒಂದು, ನೂರರ ಮೊದಲಿಗೂ ಒಂದು. ಹಾಗಾಗಿ ನನ್ನ ಉದಾರದ ನೂರು ಸೀದಾ ಹೋಗಿ ಹತ್ತರ ಮಗ್ಗುಲಲ್ಲಿ ಕೂತಿತ್ತು, ಇಪ್ಪತ್ತು ಮೂವತ್ತೆಲ್ಲ ಅದರ ಹಿಂದೆ. ಮೊದಲಿನದೇ ಎಷ್ಟೋ ವಾಸಿ ಇತ್ತು. ಈಗ ಯಂತ್ರ ಹೆಸರು ಕೇಳಿ ಖಾತ್ರಿ ಮಾಡಿಕೊಂಡು ಆಮೇಲೆ ಸಾವನ್ನು ಕೇಳುತ್ತಿತ್ತು.

ಬೇರೆ ಮಾತಿನಲ್ಲಿ ಕೇಳಬಾರದೇ ಎಂದರೆ, ಪ್ರಶ್ನೆ ಇದ್ದದ್ದು ಇದ್ದಂತೆಯೇ ಓದಬೇಕೆಂದು ಮದ್ರಾಸಿನ ಅಧಿಕಾರಿ ಆಗಷ್ಟೇ ಹೇಳಿ, ಹಿಂದೆಯೇ ಕೈಕಟ್ಟಿ ನಿಂತಿದ್ದರು. ಗೋಡೆಯ ಮೇಲಿನ ದಿನದ ಹಾಳೆಯ ಕ್ಯಾಲೆಂಡರು, ಹತ್ತೂವರೆಗೆ ರಾಹುಕಾಲ ಎಂದು ಕಪ್ಪಕ್ಷರದಲ್ಲಿ ಸಾರುತ್ತಿತ್ತು. ಆ ತಾಯಿಗೆ ಓದು ಬರದು, ಆದರೆ ಶುಕ್ರವಾರದ ರಾಹುಕಾಲ ಬಾಯಿಪಾಠ. ಸ್ಕ್ರೀನನ್ನು ಮತ್ತೆ ಹುಟ್ಟಿಸಲು ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು.

"ಇಪ್ಪೊ ಕೈ ವೆಕ್ಕಾದೀಂಗ," ಎಂದು ಮ್ಯಾನೇಜರು ನನ್ನ ಕಿವಿಯಲ್ಲಿ ಉಸುರಿದರು, ಈಗ ಕೈ ಹಾಕಬೇಡಿ ಎಂದು. ಅವರ ಸಮಾಧಾನ ಮದ್ರಾಸಿನ ಅಧಿಕಾರಿಯ ಮುಂದೆ ಕರಗಿಹೋಗಿತ್ತು.

ನಾನು ಕೈ ಹಾಕಿದೆ. ಧೈರ್ಯದಿಂದಲ್ಲ, ಎರಡು ಭಯಗಳಲ್ಲಿ ಆ ಮಣಿಕಟ್ಟು ಹಿಡಿದ ಕೈಯ ಭಯ ದೊಡ್ಡದಾಗಿತ್ತು, ಅಷ್ಟೇ. ಸಾವಿನ ಪ್ರಶ್ನೆಗೆ ಎಂಬತ್ತೈದು ಎಂದು ಕೊಟ್ಟೆ. ಎರಡೇ ಅಂಕಿ, ಎಂಬತ್ತರ ನಂತರ, ಮದುವೆಯಾಗಿದೆಯೇ ಎಂಬ ಪ್ರಶ್ನೆಯ ಹಿಂದೆ, ಕೊನೆಯದಾಗಿ. ಕೊಟ್ಟ ಮೇಲೆ ಇನ್ನೊಂದು ಹೊಳೆಯಿತು. ಕೊನೆಯದಾಗುವುದೂ ಒಳ್ಳೆಯದಲ್ಲ. ದೇವರ ಮುಂದಿನಿಂದ ಎದ್ದು ಬರುವಾಗ ಕಿವಿಯಲ್ಲಿ ಉಳಿಯುವುದು ಕೊನೆಯ ಮಾತೇ. ಅದರ ಮೇಲೆ ಏನಾದರೂ ಹೊದಿಸಬೇಕು, ಯಾರಿಗೂ ಏನೂ ಆಗದಂಥದ್ದನ್ನು. ಸಾಲಿನಲ್ಲಿ ಕಣ್ಣಾಡಿಸಿದೆ. ಎತ್ತರ ನಲವತ್ತು, ಅದರ ಹಿಂದೆಯೇ ಸೇಫ್ಟಿ ಬೂಟಿನ ಸೈಜು, ನಲವತ್ತೈದು. ಬೂಟನ್ನು ಅಲ್ಲಿಂದ ಎತ್ತಿ ತೊಂಬತ್ತಕ್ಕೆ ಇಟ್ಟೆ. ಸಾವಿನ ಮೇಲೆ ಒಂದು ಜೋಡಿ ಬೂಟು.

ಸ್ಕ್ರೀನು ಇನ್ನೂ ಹುಟ್ಟುತ್ತಿತ್ತು. ಕರ್ಪೂರ ಆರಿತು. ಆಕೆ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. "ದೇವ್ರು ಇನ್ನೂ ಬಂದಿಲ್ವಾ?" ಎಂದು ಮಗನನ್ನು ಕೇಳಿದ್ದು ನನಗೆ ಕೇಳಿಸಿತು. "ಬತ್ತದೆ ಕಣವ್ವ, ಸುಮ್ಕಿರು," ಎಂದ ಅವನು. "ಹೊತ್ತಾಯ್ತು ಕಣ್ಲಾ," ಎಂದು ಬಾಗಿಲ ಕಡೆ ಅವನನ್ನು ಒಂದು ಹೆಜ್ಜೆ ಎಳೆದಳು. ಅವನು ಹೋದ. ಅಷ್ಟು ಗಟ್ಟಿಮುಟ್ಟಾದವನು, ಹಗ್ಗ ಎಳೆದ ಕರುವಿನಂತೆ ಒಂದು ಹೆಜ್ಜೆ ಹೋದ.

ಸ್ಕ್ರೀನು ಬಂತು. ಕೃಷ್ಣಗಿರಿಯವಳು ಬಾಗಿಲಿಗೇ ಕೇಳುವಂತೆ ಕೂಗಿದಳು: "ಹೆಸ್ರೇನಣ್ಣಾ?"

ಅವನು ನಿಂತಲ್ಲಿಂದಲೇ ಹೆಸರು ಹೇಳಿದ. ಅದು ಹತ್ತೂವರೆಗೆ ಮುಂಚೆ ಒಳಗೆ ಹೋಯಿತು. ಆಕೆ ಮಗನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಿಂತಳು.

ತಂದೆಯ ಹೆಸರು. ಊರು. ಎತ್ತರ. ಎತ್ತರಕ್ಕೆ ಡಿಸ್ಪೆನ್ಸರಿಯ ಕಾಂಪೌಂಡರು ಅಳತೆಗೋಲನ್ನೂ ಕಾಲಿನ ಅಳತೆ ತೆಗೆಯುವ ಮರದ ಹಲಗೆಯನ್ನೂ ಹಿಡಿದು ಕಾಯುತ್ತಿದ್ದರು. ಎತ್ತರ ಅಳೆದರು. "ಮುಂದೆ?" ಎಂದರು. "ತೂಕ," ಎಂದಳು ಹುಡುಗಿ. ಅವನನ್ನು ತಕ್ಕಡಿ ಹತ್ತಿಸಿ ಇಳಿಸಿದರು. "ಮುಂದೆ?" "ಓದು ಎಷ್ಟು ಅಂತ." "ಅದು ನನ್ನ ಕೆಲ್ಸ ಅಲ್ಲ," ಎಂದು ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪ್ರಸಾದದ ಕಡೆ ಹೋದರು. ನಾನು ನೋಡುತ್ತಿದ್ದೆ, ನೋಡುತ್ತಲೇ ಇದ್ದೆ, ಏನೂ ಹೊಳೆಯಲಿಲ್ಲ. ನನ್ನ ಚಿಂತೆಯೆಲ್ಲ ಮುಂದೆ ಬರುವ ಒಂದೇ ಪ್ರಶ್ನೆಯ ಮೇಲಿತ್ತು.

ಅದು ಬಂತು. ಗಡಿಯಾರ ಹತ್ತೂವರೆ ದಾಟಿತ್ತು. ಹುಡುಗಿ ನನ್ನನ್ನು ನೋಡಿದಳು, ಹಿಂದೆ ನಿಂತ ಅಧಿಕಾರಿಯನ್ನು ನೋಡಿದಳು, ಆಮೇಲೆ ನೆಲ ನೋಡುತ್ತ ಓದಿದಳು: "ಸತ್ತರೆ ಹಣ ಯಾರಿಗೆ ಕೊಡ್ಬೇಕು?"

ಆಕೆಯ ಕೈ ಮತ್ತೆ ಮಗನ ಮಣಿಕಟ್ಟಿಗೆ ಹೋಯಿತು. ಅವನ ಬೆರಳುಗಳು ಬಿಳಿಚಿಕೊಂಡವು.

"ಇದ್ಯಾಕೆ ಕೇಳ್ತದೆ?"

"ಎಲ್ಲಾರ್ಗೂ ಕೇಳ್ತದವ್ವ," ಎಂದ ಮಗ.

"ಎಲ್ಲಾರ್ಗೂ?" ಆಕೆ ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದಳು. ಪುಕ್ಕಲನ ಮುಖ ಯಾವ ಗುಂಪಿನಲ್ಲೂ ಬೇಗ ಸಿಕ್ಕಿಬೀಳುತ್ತದೆ. "ನಿಂಗೂ ಕೇಳ್ತಾ?"

ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮ ಸರದಿ ಮುಂದಿನ ತಿಂಗಳಿತ್ತು. ಹೌದು ಎಂದುಬಿಡಬಹುದಿತ್ತು, ಆದರೆ ತಲೆ ತಾನಾಗಿ ಇಲ್ಲವೆಂದು ಆಡಿತು.

"ಕೇಳಿಲ್ಲ ಅಲ್ವಾ? ಹಂಗಾರೆ ಈಗ ಹೇಳು. ನೀನ್ ಸತ್ರೆ ಯಾರ್ಗೆ?"

ಎಲ್ಲರೂ ನನ್ನನ್ನು ನೋಡಿದರು. ಮದ್ರಾಸಿನ ಅಧಿಕಾರಿಯೂ ನೋಡಿದರು. ಆನೆ, ಲಾರಿ, ಕರೆಂಟು ಶಾಕು, ಹೊಟ್ಟೆನೋವು ಎಂದು ನಾನು ಅದುವರೆಗೆ ಸಾವಿರ ಬಗೆಯಲ್ಲಿ ಮನಸ್ಸಿನಲ್ಲೇ ಸತ್ತಿದ್ದೆ; ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಶುಕ್ರವಾರ, ರಾಹುಕಾಲದಲ್ಲಿ, ಕುಂಕುಮ ಹಚ್ಚಿದ ಯಂತ್ರದ ಮುಂದೆ ಬರಿಗಾಲಲ್ಲಿ ನಿಂತು ಹೇಳಿದೆ:

"ನನ್ನ ಹೆಂಡ್ತಿಗೆ."

"ಮಕ್ಳು?"

"ಒಂದು. ಇನ್ನೂ ಚಿಕ್ಕದು."

ಆಕೆ ಸ್ಕ್ರೀನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೀಳುತ್ತೇನೋ ಎಂದು ಕಾದಂತಿತ್ತು. ನಾನೂ ಕಾದೆ. ಏಸಿ ಊದುತ್ತಲೇ ಇತ್ತು. ನಾನು ನಿಂತೇ ಇದ್ದೆ.

"ಮೊದ್ಲೇನಲ್ಲ ಕೇಳಿದ್ದು, ಮೊದ್ಲು ಹೆಸ್ರು ಕೇಳ್ತು," ಎಂದು ತನಗೆ ತಾನೇ ಹೇಳಿಕೊಂಡಳು. ಕೈ ಸಡಿಲವಾಯಿತು. "ನನ್ನ ಹೆಸ್ರು ಬರ್ಕೊಳವ್ವ. ಇನ್ಯಾರವ್ರೆ ಅವ್ನಿಗೆ."

ಹುಡುಗಿ ಬಡಬಡನೆ ಟೈಪು ಮಾಡಿ ಮುಂದಕ್ಕೆ ಒತ್ತಿದಳು. ಯಂತ್ರ, ನಾನು ಹೊದಿಸಿದ್ದಂತೆಯೇ, ಬೂಟಿನ ಸೈಜು ಎಷ್ಟು ಎಂದು ಕೇಳಿತು.

ಅವನಿಗೆ ಗೊತ್ತಿರಲಿಲ್ಲ. ಟೆಂಪರರಿಗಳಿಗೆ ಬೂಟಿರಲಿಲ್ಲ. ಬಾಗಿಲಾಚೆ ಬಿಟ್ಟಿದ್ದ ಅವನ ಮೆಟ್ಟುಗಳನ್ನು ಡೆಂಕಣಿಕೋಟೆಯವನೊಬ್ಬ ಕಾಲನ್ನು ತೊಗಲ ಮೇಲೆ ಇರಿಸಿ ಗೀಟೆಳೆದು ಹೊಲಿದಿದ್ದ. ಅದಕ್ಕೆ ಸಂಖ್ಯೆ ಇರಲಿಲ್ಲ. ಎತ್ತರದ ಹಿಂದೆಯೇ ಬರುತ್ತಿದ್ದ ಪ್ರಶ್ನೆಯನ್ನು ನಾನು ಎತ್ತಿ ಕೊನೆಗಿಟ್ಟಿದ್ದೆ, ಅಳೆಯುವ ಹಲಗೆ ಕಾಂಪೌಂಡರ ಕಂಕುಳಲ್ಲಿ ಪೊಂಗಲಿನ ಸಾಲಿಗೆ ಹೋಗಿತ್ತು. ಉತ್ತರವಿಲ್ಲದೆ ಯಂತ್ರ ಮುಂದಕ್ಕೆ ಬಿಡದು.

"ದೊಡ್ಡದೇ ಬರ್ಕೊಳವ್ವ," ಎಂದಳು ತಾಯಿ. ಬಂದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು. "ಇಷ್ಟ್ ದಿನ ಬರೀ ರಾಗಿ ಹಿಟ್ಟು ಉಂಡವ್ನೆ. ಇಲ್ಲಿ ಕ್ಯಾಂಟೀನ್ ಊಟ. ಇನ್ನೂ ಬೆಳೀತಾನೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ಆಕೆ ಆನೆಯ ಕಾಲಿನ ಅಳತೆ ಹೇಳಿದ್ದರೂ ತಲೆಯಾಡಿಸುತ್ತಿದ್ದೆ. ಹನ್ನೊಂದು ಎಂದು ಹೋಯಿತು.

ಆ ವರ್ಷ ಆನೆಗಳು ಬಂದವು, ಅವನ ಅಟ್ಟಣೆ ಖಾಲಿಯಿತ್ತು. ನಾನಂತೂ ಸಾಯಲಿಲ್ಲ, ರಾಹುಕಾಲದಲ್ಲಿ ಆಡಿದ ಮಾತಿಗೆ ಪ್ರತಿ ಶುಕ್ರವಾರ ಕಾಯುತ್ತ ಇಷ್ಟು ವಯಸ್ಸಾಯಿತು. ಪೂಜೆಯಾದ ಮುಂದಿನ ವಾರವೇ ಸ್ಟೋರಿನಿಂದ ಅವನ ಬೂಟು ಬಂದಿತ್ತು. ಕಾಲಿಗಿಂತ ಅವು ಒಂದು ಬೆಟ್ಟು ಉದ್ದ. ಬದಲಾಯಿಸಿಕೊಡೋಣ ಎಂದರೆ ಅವನು ಒಪ್ಪಲಿಲ್ಲ, ಅವ್ವ ಹೇಳಿದ ಸೈಜು ಎಂದ. ತುದಿಗೆ ಹತ್ತಿ ತುರುಕಿಕೊಂಡು, ನಮ್ಮ ಗಾಜಿನ ಗೋಡೆಯ ಮುಂದೆ ದಿನಕ್ಕೆ ಎರಡು ಸಲ ಟಪ್ ಟಪ್ ಎಂದು ಹೋಗುತ್ತಿದ್ದ. ಪ್ರತಿ ಹೆಜ್ಜೆಗೂ ಹಿಮ್ಮಡಿ ಬೂಟಿನಿಂದ ಎದ್ದು, ಒಂದು ಕ್ಷಣ ತಡವಾಗಿ ಮತ್ತೆ ಒಳಗೆ ಕೂರುತ್ತಿತ್ತು.